ಇಪ್ಪತ್ತೊಂದು ಕಡಲೆಕಾಳು

ಅವರನ್ನು ನಾವೆಲ್ಲ ‘ಅಣ್ಣ’ ಎಂದೇ ಕರೆಯುತ್ತಿದ್ದೆವು. ನಿಜ ಹೇಳಬೇಕೆಂದರೆ ಅವರು ನನಗಿಂತ ಎರಡು ವರ್ಷ ಚಿಕ್ಕವರು. ಮೈಲಾಪೂರಿನ ದೇವಸ್ಥಾನದ ಕೊಳಕ್ಕೆ ಹತ್ತಿರದ ಹೋಟೆಲಿನಲ್ಲಿ ನಾನು ಕಾಫಿ ಮಾಡುವ ಕೆಲಸ ಹಿಡಿದು ಮೂರು ವರ್ಷವಾದ ಮೇಲೆ ಅವರು ಊರಿನಿಂದ ಬಂದು ಅಡಿಗೆಮನೆ ಸೇರಿದ್ದು. ಹೊಸದರಲ್ಲಿ ಅವರೇ ನನ್ನನ್ನು ‘ರಾಮಣ್ಣ’ ಎನ್ನುತ್ತಿದ್ದರು. ಆಮೇಲೆ ‘ರಾಮ’ ಆಯಿತು. ಇನ್ನೂ ಆಮೇಲೆ ಬರೀ ‘ಕಾಫಿ’ ಆಯಿತು. ನಾನು ಯಾವ ದಿನದಿಂದ ಅವರನ್ನು ಅಣ್ಣ ಎನ್ನಲು ತೊಡಗಿದೆ ಎಂದು ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುವುದಿಲ್ಲ. ಯಾರೂ ಹಾಗೆ ಕರೆ ಎಂದು ಹೇಳಿರಲಿಲ್ಲ, ಅವರಂತೂ ಹೇಳಲೇ ಇಲ್ಲ.

ಕುಳ್ಳು ದೇಹ, ಅಗಲವಾದ ಹೆಗಲು, ಎಡಗೈ ತುಂಬ ಎಣ್ಣೆ ಸಿಡಿದ ಕಲೆಗಳು. ಮಾತಾಡುವಾಗ ಎದುರಿನವನ ಅಂಗಿಯ ಗುಂಡಿಯನ್ನು ಎರಡು ಬೆರಳಲ್ಲಿ ಹಿಡಿದುಕೊಳ್ಳುವುದು ಅವರ ಅಭ್ಯಾಸ. ಗುಂಡಿ ಸಡಿಲವಾಗಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ, ಮಹಡಿಯ ರೂಮಿನಿಂದ ಸೂಜಿದಾರ ತಂದು, ನಿಂತಲ್ಲೇ ಹೊಲಿದುಕೊಡುತ್ತಿದ್ದರು. ನನ್ನ ಎರಡು ಅಂಗಿಗಳಲ್ಲಿ ಅವರು ಹೊಲಿದ ಗುಂಡಿಗಳಿದ್ದವು. ಅದೇ ಕೈ ಕೆಲವು ವರ್ಷಗಳ ನಂತರ ನನ್ನ ಎದೆಯ ಕಡೆ ಬಂದರೆ ಸಾಕು, ನಾನು ಗುಂಡಿಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ.

ಅವರಿಗೆ ಕತೆ ಹೇಳುವ ಹುಚ್ಚಿತ್ತು. ಹೋಟೆಲು ಸೇರುವ ಮುಂಚೆ ಕೋಡಂಬಾಕ್ಕಂನ ಒಂದು ಸ್ಟುಡಿಯೋದಲ್ಲಿ ಎರಡು ದಿನ ಸೈನಿಕನ ವೇಷ ಹಾಕಿ, ಈಟಿ ಹಿಡಿದು ರಾಜನ ಬೆನ್ನ ಹಿಂದೆ ನಿಂತಿದ್ದರಂತೆ. “ಸಿಂಹಾಸನ ಎಂತದ್ದು ಗೊತ್ತುಂಟಾ? ಎದುರಿಂದ ಚಿನ್ನ. ಹಿಂದಿಂದ ನೋಡಿದರೆ ಸೋಪಿನ ಪೆಟ್ಟಿಗೆಯ ಹಲಗೆ, ಕಂಪೆನಿ ಹೆಸರು ಸಮೇತ ಉಂಟು. ರಾಜನ ವೇಷದ ಆ ಜನ ಮಾತ್ರ ಅದರ ಮೇಲೆ ಎಷ್ಟು ಗಾಂಭೀರ್ಯದಲ್ಲಿ ಕೂತಿದ್ರು ಮಾರಾಯ!” ಎಂದು ಅವರು ಕೂತು ತೋರಿಸುತ್ತಿದ್ದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಆಗ ನಮ್ಮನ್ನು ಆಳುತ್ತಿದ್ದವನು ಹೋಟೆಲಿನ ಮ್ಯಾನೇಜರ್. ಧನಿಗಳು ವಯಸ್ಸಾದವರು, ಉಡುಪಿಯ ಕಡೆ ಊರಲ್ಲೇ ಇರುತ್ತಿದ್ದರು. ಮ್ಯಾನೇಜರ್ ಹೇಳಿದ್ದೇ ಅವರಿಗೆ ವೇದ. ನಾವು ಇಪ್ಪತ್ತೆರಡು ಮಂದಿ ಹೋಟೆಲಿನ ಮಹಡಿಯ ಒಂದೇ ರೂಮಿನಲ್ಲಿ ಸಾಲಾಗಿ ಚಾಪೆ ಹಾಸಿ ಮಲಗುವವರು. ಊರಿಗೆ ಹೋಗಲು ರಜೆ ಕೇಳಿದರೆ ಕೆಲಸವೇ ಹೋಗುತ್ತಿತ್ತು. ಊರಿನಿಂದ ಬಂದ ಕಾಗದಗಳನ್ನು ಮ್ಯಾನೇಜರ್ ಒಡೆದು ಓದಿಯೇ ನಮಗೆ ಕೊಡುತ್ತಿದ್ದ. ಎಪ್ಪತ್ತನಾಲ್ಕರ ಜನವರಿಯಲ್ಲಿ, ಜ್ವರದಲ್ಲಿ ಮಲಗಿದ್ದ ಪಾತ್ರೆ ತೊಳೆಯುವವನೊಬ್ಬನನ್ನು ಅವನು ಕಾಲಲ್ಲಿ ಒದ್ದು ಎಬ್ಬಿಸಿದ. ಮರುದಿನ ಬೆಳಗ್ಗೆ ಅಣ್ಣ ಒಲೆ ಹಚ್ಚಲಿಲ್ಲ. ಬೆಂಕಿಪೊಟ್ಟಣವನ್ನು ಮ್ಯಾನೇಜರನ ಕೈಗೆ ಕೊಟ್ಟು, “ನೀವೇ ಹಚ್ಚಿ” ಎಂದರು. ದೋಸೆಕಲ್ಲಿನ ವಾಸು ಹಿಟ್ಟಿನ ಪಾತ್ರೆಗೆ ಮುಚ್ಚಳ ಹಾಕಿ ಅವರ ಪಕ್ಕ ಬಂದು ನಿಂತ. ನಾನೂ ನಿಂತೆ. ಹಾಗೆ ನಿಂತದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ, ಅದಕ್ಕೇ ಇಷ್ಟು ಚೆನ್ನಾಗಿ ನೆನಪಿದೆ.

ನಾಲ್ಕು ದಿನ ಹೋಟೆಲು ಬಾಗಿಲು ತೆರೆಯಲಿಲ್ಲ. ಧನಿಗಳು ರೈಲು ಹತ್ತಿ ಬಂದರು, ಎಲ್ಲ ಕೇಳಿದರು, ಮ್ಯಾನೇಜರನನ್ನು ಕರೆದುಕೊಂಡು ಹೋದರು. ಹೋಗುವ ಮುಂಚೆ ಹೋಟೆಲನ್ನು ನಮ್ಮ ಇಪ್ಪತ್ತೆರಡು ಮಂದಿಯ ಕೂಟಕ್ಕೇ ಗುತ್ತಿಗೆಗೆ ಕೊಟ್ಟರು. ನಾವು ಕನಸಲ್ಲೂ ನೆನೆಸದ ಮಾತು ಅದು. ಕೂಟ ಎಂದ ಮೇಲೆ ಮುಖಂಡ ಬೇಕು, ಮುಖಂಡ ಎಂದ ಮೇಲೆ ಚುನಾವಣೆ ಬೇಕು. ನಮ್ಮಲ್ಲಿ ಅರ್ಧ ಮಂದಿಗೆ ಓದು ಬರಹ ಬರದು. ಕೈ ಎತ್ತಿದರಾಯಿತು ಎಂದು ನಾನೇ ಹೇಳಿದೆ. ಅಣ್ಣ ಒಪ್ಪಲಿಲ್ಲ.

“ಕೈ ಎತ್ತಿದರೆ ಮುಖ ಕಾಣ್ತದೆ ರಾಮಣ್ಣ. ಮುಖ ಕಂಡರೆ ದಾಕ್ಷಿಣ್ಯ. ದಾಕ್ಷಿಣ್ಯ ಬಂದರೆ ಅದು ವೋಟಲ್ಲ.”

ಆ ಪದ್ಧತಿಯನ್ನು ಕಟ್ಟಿದವರು ಅವರೇ. ಉಗ್ರಾಣದ ಅಕ್ಕಿಮೂಟೆಯ ಮೇಲೆ ಬಾಯಿ ಕಿರಿದಾದ ಒಂದು ಹಿತ್ತಾಳೆ ಚೊಂಬು. ಪಕ್ಕದಲ್ಲಿ ಎರಡು ತಟ್ಟೆ, ಒಂದರಲ್ಲಿ ಕಡಲೆಕಾಳು, ಇನ್ನೊಂದರಲ್ಲಿ ಹುಣಸೆಬೀಜ. ಒಬ್ಬೊಬ್ಬನೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ಹೌದು ಎನ್ನುವವನು ಕಡಲೆ ಹಾಕಬೇಕು, ಬೇಡ ಎನ್ನುವವನು ಹುಣಸೆಬೀಜ. ಬೀಜ ಬಿದ್ದ ಸದ್ದಿನಿಂದ ಹೊರಗಿದ್ದವರಿಗೆ ಗುಟ್ಟು ತಿಳಿಯಬಾರದೆಂದು ಚೊಂಬಿನ ತಳಕ್ಕೆ ಒಂದು ಬಟ್ಟೆಯ ತುಂಡನ್ನೂ ಹಾಕಿದ್ದರು. “ಬೀಜಕ್ಕೆ ಮುಖ ಇಲ್ಲ” ಎನ್ನುತ್ತಿದ್ದರು. ನಿಯಮಗಳನ್ನೂ ಅವರೇ ಹೇಳಿ ನನ್ನಿಂದ ಬರೆಸಿದರು. ಮುಖಂಡನ ಅವಧಿ ಒಂದು ವರ್ಷ. ಯಾರನ್ನಾದರೂ ಕೂಟದಿಂದ ಹೊರಗೆ ಹಾಕಬೇಕಾದರೆ ಅವನನ್ನು ಬಿಟ್ಟು ಉಳಿದ ಎಲ್ಲರೂ ಒಪ್ಪಬೇಕು. ಒಂದೇ ಒಂದು ಹುಣಸೆಬೀಜ ಬಿದ್ದರೂ ಅವನನ್ನು ಮುಟ್ಟುವ ಹಾಗಿಲ್ಲ. ಈ ಕೊನೆಯ ನಿಯಮ ಬರೆಸುವಾಗ ಅವರ ಕಣ್ಣಲ್ಲಿ ನೀರಿತ್ತು. ಒದೆ ತಿಂದ ಪಾತ್ರೆಯವನು ಅಲ್ಲೇ ಕೂತಿದ್ದ.

ಮೊದಲ ಎರಡು ವರ್ಷ ಅವರು ನ್ಯಾಯವಾಗಿಯೇ ಗೆದ್ದರು. ರೂಮಿಗೆ ಫ್ಯಾನು ಬಂತು. ಬೆಳಗಿನ ಮೊದಲ ಒಬ್ಬೆ ಇಡ್ಲಿ ಗಿರಾಕಿಗಳಿಗಲ್ಲ, ನಮಗೆ. ಸೋಮವಾರ ಹೋಟೆಲಿಗೆ ರಜೆ. ಅಂದು ಮಧ್ಯಾಹ್ನ ಮಹಡಿಯಲ್ಲಿ ಸಭೆ ಸೇರಿ ಯಾರು ಏನು ಬೇಕಾದರೂ ಮಾತಾಡಬಹುದಿತ್ತು. ನಮ್ಮಲ್ಲಿ ದಿನಾ ಸಂಜೆ ಒಂದು ಕಾಫಿ ಹಿಡಿದು ಗಂಟೆಗಟ್ಟಲೆ ಕೂರುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರಿದ್ದರು, ತಮಿಳರು, ಚರಿತ್ರೆ ಕಲಿಸಿದವರು. ಅಣ್ಣ ಅವರನ್ನೂ ಒಂದು ಸೋಮವಾರ ಮೇಲಕ್ಕೆ ಕರೆತಂದರು. ಫ್ರಾನ್ಸಿನ ಜನ ಜೈಲು ಒಡೆದದ್ದು, ರಾಜನ ತಲೆ ತೆಗೆದದ್ದು ಎಲ್ಲವನ್ನೂ ಅವರು ಕೈಬೀಸಿ ಬೀಸಿ ಹೇಳಿದರು.

“ಅಪ್ಪುರಂ?” ಎಂದು ಅಣ್ಣ ತಮಿಳಿನಲ್ಲೇ ಕೇಳಿದರು. ಆಮೇಲೆ ಏನಾಯಿತು ಎಂದು.

ಮೇಷ್ಟ್ರು ಲೋಟ ಕೆಳಗಿಟ್ಟರು. ಆಮೇಲೆ ಒಬ್ಬ ಸೇನಾಪತಿ ಬಂದ, ಅದೇ ಜನರ ಹತ್ತಿರ ವೋಟು ಹಾಕಿಸಿಕೊಂಡು ಚಕ್ರವರ್ತಿಯಾದ ಎಂದರು. ಅಣ್ಣ ತೊಡೆ ತಟ್ಟಿಕೊಂಡು ನಕ್ಕರು. “ಎಂಥಾ ಪೆದ್ದು ಜನ ಮಾರಾಯ! ತಲೆ ತೆಗೆದದ್ದು ಎಂತಕ್ಕೆ ಹಾಗಾದರೆ?” ನಾವೂ ನಕ್ಕೆವು. ನಾನು ಬೇರೆಯವರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆ.

ದೇಶದಲ್ಲಿ ತುರ್ತು ಪರಿಸ್ಥಿತಿ ಬಂದಾಗ ಮದ್ರಾಸಿಗೆ ಅದರ ಬಿಸಿ ಕೂಡಲೇ ತಟ್ಟಲಿಲ್ಲ. ತಟ್ಟಿದ್ದು ಮುಂದಿನ ಜನವರಿಯ ಕೊನೆಯಲ್ಲಿ, ರಾಜ್ಯದ ಸರ್ಕಾರವನ್ನು ಕಿತ್ತು ಹಾಕಿದ ಮೇಲೆ. ನಮ್ಮ ಗಿರಾಕಿಗಳಲ್ಲೇ ಕೆಲವರು ಬರುವುದು ನಿಂತಿತು. ಎಲ್ಲಿ ಹೋದರು ಎಂದು ಯಾರೂ ಕೇಳಲಿಲ್ಲ. ಪೇಪರನ್ನು ಜೋರಾಗಿ ಓದುತ್ತಿದ್ದವರು ಮಡಚಿ ತೊಡೆಯ ಕೆಳಗಿಟ್ಟುಕೊಂಡು ದೋಸೆ ತಿನ್ನತೊಡಗಿದರು. ಮೇಷ್ಟ್ರು ಕಾಫಿ ಕುಡಿದು ಹತ್ತು ನಿಮಿಷಕ್ಕೆ ಎದ್ದು ಹೋಗುತ್ತಿದ್ದರು. ಮದ್ರಾಸಿನ ಎಷ್ಟೋ ಹೋಟೆಲುಗಳಲ್ಲಿ ಇದ್ದಂತೆ ನಮ್ಮಲ್ಲೂ ಅಣ್ಣ ‘ಇಲ್ಲಿ ರಾಜಕೀಯ ಮಾತಾಡಬಾರದು’ ಎಂದು ತಮಿಳಿನಲ್ಲಿ ಒಂದು ಬೋರ್ಡು ತೂಗುಹಾಕಿಸಿದರು. ಅದರಲ್ಲಿ ತಪ್ಪೇನಿಲ್ಲ, ಪೊಲೀಸರು ದಿನಾ ಅಲ್ಲೇ ತಿಂಡಿಗೆ ಬರುತ್ತಿದ್ದರು. ಆದರೆ ವಾರ ಕಳೆದ ಮೇಲೆ ಅದೇ ಮಾತನ್ನು ನನ್ನಿಂದ ಕನ್ನಡದಲ್ಲಿ ಬರೆಸಿ ನಾವು ಮಲಗುವ ರೂಮಿನಲ್ಲೂ ಅಂಟಿಸಿದರು.

ಆ ಫೆಬ್ರವರಿಯಲ್ಲಿ ನಮ್ಮ ಮೂರನೆಯ ಚುನಾವಣೆ ಆಗಬೇಕಿತ್ತು. ಸೋಮವಾರದ ಸಭೆಯಲ್ಲಿ ಅಣ್ಣ ಎದ್ದು ನಿಂತರು. “ಕಾಲ ಸರಿ ಇಲ್ಲ. ಇಪ್ಪತ್ತು ಜನ ಒಟ್ಟು ಸೇರಿದರೆ ಹೊರಗಿನವರು ಬೇರೆಯೇ ಅರ್ಥ ಮಾಡ್ತಾರೆ. ಚುನಾವಣೆ ಸ್ವಲ್ಪ ಮುಂದೆ ಹಾಕುವ. ನಾನು ಹೇಳಿದೆ ಅಂತ ಅಲ್ಲ. ಚೊಂಬು ಇಡುವ, ನೀವೇ ಹೇಳಿ.”

ಚೊಂಬು ಇಟ್ಟರು. ನಾನು ಒಳಗೆ ಹೋಗಿ ಹಿಂದೆ ಮುಂದೆ ನೋಡದೆ ಕಡಲೆ ಹಾಕಿದೆ, ಸಂತೋಷದಿಂದಲೇ ಹಾಕಿದೆ. ಅಂಥ ಕಾಲದಲ್ಲಿ ಇನ್ನೊಬ್ಬ ಮುಖಂಡ ಯಾರಿಗೆ ಬೇಕಿತ್ತು? ಅವರೊಬ್ಬರಿದ್ದಾರಲ್ಲ ಎಂಬುದೇ ಧೈರ್ಯವಾಗಿತ್ತು. ನಮ್ಮ ಕೈಯಿಂದ ಏನೂ ಯಾರೂ ಕಿತ್ತುಕೊಳ್ಳಲಿಲ್ಲ, ಸಾಲಾಗಿ ನಿಂತು ನಾವೇ ಕೊಟ್ಟು ಬಂದೆವು.

ಚೊಂಬನ್ನು ತಟ್ಟೆಗೆ ಸುರಿದಾಗ ಕಡಲೆಗಳ ನಡುವೆ ಮೂರು ಹುಣಸೆಬೀಜ ಇದ್ದವು. ಅಣ್ಣ ಒಂದನ್ನು ಎತ್ತಿ ಮೂಗಿನ ಹತ್ತಿರ ಹಿಡಿದರು.

“ಇದರಲ್ಲಿ ಎಳ್ಳೆಣ್ಣೆ ಉಂಟು. ದೋಸೆಕಲ್ಲಿನ ಹತ್ತಿರದ್ದು.” ಎರಡನೆಯದನ್ನು ಎತ್ತಿದರು. “ಇದು ಸೋಪಿನ ಪುಡಿ. ಪಾತ್ರೆ ತೊಟ್ಟಿಯದ್ದು.” ಮೂರನೆಯದನ್ನು ಮೂಸಿ, ತಲೆಯಾಡಿಸಿ, “ಇದು ಬುದ್ಧಿವಂತನದ್ದು. ಕೈ ತೊಳೆದು ಬಂದಿದ್ದಾನೆ” ಎಂದು ಜೋರಾಗಿ ನಕ್ಕರು. ತಮಾಷೆಗೆ ಮಾಡಿದ್ದೋ ಏನೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾವೆಲ್ಲ ನಕ್ಕೆವು. ವಾಸು ನಗಲಿಲ್ಲ. ಪಾತ್ರೆಯವನ ಮುಖ ಬಿಳಿಚಿಕೊಂಡಿತ್ತು. ಮರುವಾರ ಅವನಿಗೆ ಊರಿಗೆ ಹೋಗಲು ಸಿಕ್ಕಿದ್ದ ರಜೆ ರದ್ದಾಯಿತು, ಕಾರಣ ಯಾರೂ ಹೇಳಲಿಲ್ಲ.

ಹೋಟೆಲಿನ ಕೆಲಸದವನ ಕೈ ಎಂದರೆ ಅವನ ಹೆಸರೇ. ಹಿಟ್ಟಿನವನ ಕೈ ಹುಳಿ, ತರಕಾರಿಯವನ ಕೈ ಈರುಳ್ಳಿ. ನನ್ನ ಬೆರಳುಗಳಿಗೆ ಹದಿನೈದು ವರ್ಷದ ಡಿಕಾಕ್ಷನ್ ಇಳಿದಿತ್ತು, ಎಷ್ಟು ತಿಕ್ಕಿದರೂ ಹೋಗದು. ಅಲ್ಲಿಂದ ಮುಂದೆ ಚೊಂಬು ಇಡುವ ದಿನ ನಲ್ಲಿಯ ಹತ್ತಿರ ಉದ್ದ ಸಾಲು. ನಾನು ಸೀಗೆಪುಡಿ ಹಾಕಿ, ನಿಂಬೆಸಿಪ್ಪೆ ಹಾಕಿ ಉಜ್ಜುತ್ತಿದ್ದೆ. ಅಣ್ಣ ಅದನ್ನೂ ಗಮನಿಸಿದರು. “ಕೈ ತೊಳೆದು ಬರುವವನಿಗೆ ಮುಚ್ಚಿಡಲಿಕ್ಕೆ ಏನೋ ಉಂಟು ಅಂತ ಲೆಕ್ಕ” ಎಂದರು, ಅಷ್ಟೇ. ನಲ್ಲಿಯ ಹತ್ತಿರ ಯಾರೂ ಹೋಗದಾದರು. ಕೆಲಸದ ಕೈಯಲ್ಲೇ ನೇರವಾಗಿ ಉಗ್ರಾಣಕ್ಕೆ ಹೋಗಿ ಬರತೊಡಗಿದೆವು. ಚೊಂಬಿನ ತಳದ ಬಟ್ಟೆ ಒಗೆಯಲಿಕ್ಕೆಂದು ಹೋದದ್ದು ಮತ್ತೆ ಬರಲಿಲ್ಲ. ಒಳಗೆ ಕಡಲೆ ಬಿದ್ದರೆ ಟಿಣ್ಣೆಂದು, ಹುಣಸೆಬೀಜ ಬಿದ್ದರೆ ಠಣ್ಣೆಂದು ಹೊರಗೆ ನಿಂತವರಿಗೆ ಕೇಳಿಸುತ್ತಿತ್ತು. ಎಲ್ಲದಕ್ಕೂ ಚೊಂಬು ಇಡುತ್ತಿದ್ದರು, ಸಾಂಬಾರಿಗೆ ಯಾವ ಬೇಳೆ ಎಂಬುದಕ್ಕೂ. ಪ್ರತಿ ಸಲವೂ ಇಪ್ಪತ್ತೆರಡು ಕಡಲೆ.

ಹೆದರಿಕೆ ಹೇಗಿತ್ತೆಂದರೆ, ಅವರ ಚಪ್ಪಲಿ ಮೆಟ್ಟಿಲ ಮೇಲೆ ಸದ್ದು ಮಾಡಿದರೆ ರೂಮಿನಲ್ಲಿ ಕೆಮ್ಮುತ್ತಿದ್ದವನು ಕೆಮ್ಮು ನುಂಗುತ್ತಿದ್ದ. ಅವರು ಹೊಡೆದವರಲ್ಲ, ಬೈದವರೂ ಅಲ್ಲ. ನನ್ನ ಬಾಯ್ಲರಿನ ಹಿಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ನಾನು ಹಾಲನ್ನು ಲೋಟದ ಹೊರಗೆ ಸುರಿಯುತ್ತಿದ್ದೆ. “ಎಂತಕ್ಕೆ ಹೆದರುದು ಕಾಫಿ?” ಎಂದು ಬೆನ್ನು ತಟ್ಟಿ ಹೋಗುತ್ತಿದ್ದರು.

ಆ ಬೇಸಗೆಯ ಒಂದು ಬೆಳಗ್ಗೆ ತಳ ಹಿಡಿದ ಹಾಲಿನ ಕಾಫಿಯನ್ನು ಗಡಿಬಿಡಿಯಲ್ಲಿ ನಾನು ಅವರಿಗೇ ಕೊಟ್ಟುಬಿಟ್ಟೆ. ಸೀದ ನಾತ ನನಗೆ ಎರಡು ಮಾರು ದೂರಕ್ಕೆ ಬರುತ್ತಿತ್ತು. ಅವರು ಪೂರ್ತಿ ಕುಡಿದು, “ಇವತ್ತು ಕಾಫಿ ಲಾಯ್ಕುಂಟು” ಎಂದು ಲೋಟ ಇಟ್ಟು ಹೋದರು. ಕೆಲವು ದಿನದ ಮೇಲೆ ಒಲೆಯ ಪಕ್ಕ ಮಸಿಬಟ್ಟೆಯೊಂದು ಹೊಗೆಯಾಡಿ ಸುಡುತ್ತಿತ್ತು. ಹೊರಗಿನ ಮೇಜುಗಳ ಕಡೆಯಿಂದ ಸಪ್ಲೈಯರುಗಳು ಓಡಿ ಬಂದರು. ಅಣ್ಣ ಅದಕ್ಕೆ ಬೆನ್ನು ಹಾಕಿ ನಿಂತಿದ್ದರು, ಅವರಿಗೆ ಗೊತ್ತೇ ಆಗಿರಲಿಲ್ಲ. ಹನ್ನೆರಡು ವರ್ಷ ಮೆಣಸಿನ ಒಗ್ಗರಣೆಯ ಘಾಟು ಕುಡಿದ ಮೂಗು ಅದು. ಅದಕ್ಕೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ. ಎಳ್ಳೆಣ್ಣೆ, ಸೋಪು ಎಂದದ್ದೆಲ್ಲ ನಮ್ಮ ಮುಖ ನೋಡಿ ಹೇಳಿದ್ದು.

ಇದನ್ನು ನಾನು ವಾಸುವಿಗೊಬ್ಬನಿಗೇ ಹೇಳಿದೆ. ಬೇರೆ ಯಾರಿಗಾದರೂ ಹೇಳಿದರೆ ನನ್ನ ಹೆಸರು ಬರುತ್ತದೆಂದು ಅವನಿಂದ ಆಣೆ ಹಾಕಿಸಿಕೊಂಡೆ. ಕೊಳದ ಮೆಟ್ಟಿಲ ಮೇಲೆ ಕೂತು ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

“ಹಾಗಾದರೆ ಇನ್ನು ಹೆದರಿಕೆ ಎಂತಕ್ಕೆ ರಾಮಣ್ಣ?”

“ನನಗಲ್ಲ ಮಾರಾಯ, ಉಳಿದವರಿಗೆ” ಎಂದೆ.

ವಾಸು ಬೈಂದೂರಿನ ಕಡೆಯವನು. ಊರಲ್ಲಿ ಅವನ ಹೆಂಡತಿಗೆ ಹೆರಿಗೆಯಾಗಿ ಹೆಣ್ಣು ಮಗು ಹುಟ್ಟಿತ್ತು. ಅವರಿಬ್ಬರನ್ನೂ ಕರೆಸಿಕೊಳ್ಳಬೇಕೆಂದು ಕೊಳದ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗೆ ಒಂದು ಪೋರ್ಷನ್ ಮಾತಾಡಿದ್ದ, ಒಂದೇ ಕೋಣೆ, ಮುಂದೆ ಸಣ್ಣ ಜಗಲಿ. ಸೀಮೆಎಣ್ಣೆ ಸ್ಟೌ ತಂದಿಟ್ಟಿದ್ದ. ತೊಟ್ಟಿಲು ಕಟ್ಟಲು ತೊಲೆಗೆ ಕೊಕ್ಕೆ ಹೊಡೆಸಿದ್ದ, ನನ್ನನ್ನೂ ಕರೆದುಕೊಂಡು ಹೋಗಿ ತೋರಿಸಿದ್ದ. ಆ ಕೊಕ್ಕೆಗೆ ತಾನೇ ಜೋತುಬಿದ್ದು, “ನನ್ನನ್ನೇ ತಡಿತದೆ, ಕೂಸು ಯಾವ ಲೆಕ್ಕ!” ಎಂದಿದ್ದ.

ಮುಂದಿನ ಸೋಮವಾರದ ಸಭೆಯಲ್ಲಿ ಅವನು ಎದ್ದು ನಿಂತು ಕೇಳಿದ್ದು ಐದೇ ಮಾತು. “ಅಣ್ಣ, ನಮ್ಮ ಚುನಾವಣೆ ಇನ್ನು ಯಾವಾಗ?”

ಅಣ್ಣ ಎದ್ದು ಹೋಗಿ ಅವನ ಅಂಗಿಯ ಗುಂಡಿ ಹಿಡಿದರು. “ಯಾರು ಕೇಳಲಿಕ್ಕೆ ಹೇಳಿದ್ದು?”

“ಯಾರೂ ಇಲ್ಲ. ನನಗೇ ಕೇಳ್ಬೇಕು ಅಂತ ಆಯ್ತು.”

“ಒಳ್ಳೆದು. ಬರುವ ಸೋಮವಾರ ಚೊಂಬು ಇಡುವ. ಕೂಟವನ್ನು ಒಡೆಯುವವ ಕೂಟದಲ್ಲಿ ಇರಬೇಕಾ ಬೇಡ್ವಾ ಅಂತ ಎಲ್ಲರೂ ಹೇಳಲಿ.” ಅಲ್ಲಿಗೆ ಸಭೆ ಮುಗಿಯಿತು. ಹೊರಬಿದ್ದವನಿಗೆ ಮದ್ರಾಸಿನ ನಮ್ಮವರ ಯಾವ ಹೋಟೆಲಿನಲ್ಲೂ ಕೆಲಸ ಸಿಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಇಲ್ಲಿಂದ ಅಲ್ಲಿಗೆ ಮಾತು ಹೋಗಿಯೇ ಹೋಗುತ್ತಿತ್ತು. ಮೆಟ್ಟಿಲಿಳಿಯುವಾಗ ಅಣ್ಣ ನನಗೆ ಕೇಳುವ ಹಾಗೆ, ಪೊಲೀಸ್ ಸ್ಟೇಷನ್ನಿನವರು ಹೋಟೆಲಿನಲ್ಲಿ ಗಲಾಟೆ ಮಾಡುವವರು ಯಾರೆಂದು ವಿಚಾರಿಸುತ್ತಿದ್ದರು ಎಂದೂ ಅಂದರು.

ಭಾನುವಾರ ವಾಸು ನನ್ನ ಹತ್ತಿರ ಬಂದ. “ರಾಮಣ್ಣ, ಒಂದು ಹುಣಸೆಬೀಜ ಸಾಕು. ನಿಯಮ ನೀನೇ ಬರೆದದ್ದಲ್ವಾ? ಉಳಿದವರು ಹೆದರಿ ಹಾಕುದಿಲ್ಲ, ಪಾಪ, ಅವರಿಗೆ ಗೊತ್ತಿಲ್ಲ. ನಿನಗೊಬ್ಬನಿಗೆ ಗೊತ್ತುಂಟು ಅವರಿಗೆ ಮೂಗೇ ಇಲ್ಲ ಅಂತ.”

“ಹಾಕ್ತೇನೆ” ಎಂದೆ.

“ಸದ್ದು ಆಗ್ತದೆ ಅಂತ ಹೆದರಿಕೆ ಆದರೆ ಚೊಂಬನ್ನು ಓರೆ ಮಾಡಿ ಮೆಲ್ಲಗೆ ಜಾರಿಸಿಬಿಡು.”

“ಹಾಕ್ತೇನೆ ಅಂದೆನಲ್ಲ ಮಾರಾಯ.”

ನಿಜವಾಗಿ ಹಾಕುವುದೆಂದೇ ಇದ್ದೆ. ಈ ಮಾತನ್ನು ನಂಬಿ ಎಂದು ಯಾರನ್ನೂ ಕೇಳುವ ಮುಖ ನನಗಿಲ್ಲ. ಸೋಮವಾರ ನನ್ನ ಸರದಿ ಬಂದಾಗ ಉಗ್ರಾಣದ ಬಾಗಿಲು ಹಾಕಿಕೊಂಡು ಹುಣಸೆಬೀಜವನ್ನು ಕೈಗೆ ತೆಗೆದುಕೊಂಡೆ. ಬೆವರಿಗೆ ಅದು ಬೆರಳಿಗೆ ಅಂಟಿತು. ಹೊರಗೆ ಅಣ್ಣ ಒಮ್ಮೆ ಗಂಟಲು ಸರಿಮಾಡಿಕೊಂಡರು, ಅಷ್ಟೇ. ಅವರಿಗೆ ವಾಸನೆ ತಿಳಿಯದೆಂದು ನನಗೆ ಗೊತ್ತು. ಇಪ್ಪತ್ತೊಂದು ಜನರಲ್ಲಿ ಅದು ಗೊತ್ತಿದ್ದವನು ನಾನೊಬ್ಬನೇ. ಆದರೆ ಒಂದು ವೇಳೆ ತಿಳಿದರೆ? ನನ್ನ ಮುಖ ನೋಡಿಯೇ ಹೇಳಿಬಿಟ್ಟರೆ? ಬೇರೆ ಯಾರಾದರೂ ಒಬ್ಬ ಹಾಕಿಯೇ ಇರುತ್ತಾನಲ್ಲ, ಪಾತ್ರೆಯವನು ಹಾಕದೆ ಇರುತ್ತಾನೆಯೇ? ಒಂದು ಸಾಕಲ್ಲ, ಎರಡು ಯಾಕೆ? ಇಷ್ಟೆಲ್ಲ ಯೋಚನೆ ಬಂದದ್ದು ಒಂದು ಉಸಿರಿನ ಹೊತ್ತು. ಬೀಜವನ್ನು ವಾಪಸು ತಟ್ಟೆಗೆ ಇಟ್ಟೆ. ಕಡಲೆಯೊಂದನ್ನು ಹೆಕ್ಕಿ, ಹೊರಗೆ ಚೆನ್ನಾಗಿ ಕೇಳಿಸಲೆಂದು ಮೇಲಿನಿಂದಲೇ ಹಾಕಿದೆ.

ಚೊಂಬು ಸುರಿದರು. ತಟ್ಟೆಯಲ್ಲಿ ಇಪ್ಪತ್ತೊಂದು ಕಡಲೆ. ಅಣ್ಣ ಬೆರಳಿನಿಂದ ಅವನ್ನು ಅತ್ತ ಇತ್ತ ಸರಿಸಿ ನೋಡಿದರು, ಇನ್ನೊಮ್ಮೆ ಸರಿಸಿ ನೋಡಿದರು, ಚೊಂಬನ್ನು ಬೋರಲು ಮಾಡಿ ತಟ್ಟಿದರು. ಒದೆ ತಿಂದಿದ್ದ ಪಾತ್ರೆಯವನು ನೆಲ ನೋಡುತ್ತಿದ್ದ. ಬೇರೆ ಯಾರೋ ಹಾಕಿರುತ್ತಾರೆಂದು ಅವನೂ ಅಂದುಕೊಂಡಿದ್ದನೇನೋ.

ವಾಸು ಟ್ರಂಕು ಹಿಡಿದು ಕೆಳಗಿಳಿದು ಬಂದ. ಸೋಮವಾರವಾದ್ದರಿಂದ ಹೋಟೆಲು ಖಾಲಿ, ಬಾಯ್ಲರ್ ತಣ್ಣಗಿತ್ತು. “ಒಂದು ಲೋಟ ನೀರು ಕೊಡು” ಎಂದ. ಕೊಟ್ಟೆ. ಕುಡಿದು ಲೋಟವನ್ನು ತಾನೇ ತೊಳೆದು ಕವುಚಿಟ್ಟ. ನನ್ನ ಕಡೆ ನೋಡಲಿಲ್ಲ. ಸ್ಟೌವನ್ನು ಯಾರಿಗಾದರೂ ಕೊಟ್ಟುಬಿಡು ಎಂದು ಹೇಳಿ ಸೆಂಟ್ರಲ್ ಸ್ಟೇಷನ್ನಿನ ಬಸ್ಸಿಗೆ ಹೋದ. ಆಮೇಲೆ ಊರಲ್ಲಿ ಹಂಚಿನ ಕಾರ್ಖಾನೆಯೊಂದರಲ್ಲಿ ಮಣ್ಣು ಹೊರುತ್ತಿದ್ದಾನೆಂದು ಯಾರೋ ಹೇಳಿದರು. ನಾನು ಕಾಗದ ಬರೆಯಲಿಲ್ಲ.

ಮರುವರ್ಷ ದೆಹಲಿಯ ಸರ್ಕಾರ ಚುನಾವಣೆಯಲ್ಲಿ ಉರುಳಿತು. ಮದ್ರಾಸಿನ ಕಡೆಯವರು ಬೇರೆ ಥರವೇ ವೋಟು ಹಾಕಿದ್ದರೂ ರೇಡಿಯೋ ಕೇಳಿ ಎಷ್ಟೋ ಜನ ಉಸಿರು ಬಿಟ್ಟರು. ಮೇಷ್ಟ್ರು ಅಂದು ಎರಡು ಕಾಫಿ ಕುಡಿದರು. ನಮ್ಮಲ್ಲಿ ಏನೂ ಬದಲಾಗಲಿಲ್ಲ. “ದೇಶ ದೊಡ್ಡದು ಮಾರಾಯ, ತಪ್ಪು ಮಾಡಿ ತಿದ್ದಿಕೊಳ್ಳಲಿಕ್ಕೆ ಅದಕ್ಕೆ ಜಾಗ ಉಂಟು. ನಮ್ಮದು ಸಣ್ಣ ಹೋಟೆಲು” ಎಂದರು ಅಣ್ಣ. ಇನ್ನೊಂದು ವರ್ಷ ಕಳೆದ ಮೇಲೆ ಅವರಾಗಿಯೇ ಚುನಾವಣೆ ಇಟ್ಟರು. ಚೊಂಬು ಬೇಡ, ಯಾರಾದರೂ ನಿಲ್ಲುವುದಿದ್ದರೆ ನಿಲ್ಲಿ ಎಂದರು. ಯಾರೂ ನಿಲ್ಲಲಿಲ್ಲ. ಎಲ್ಲರ ಕೈ ಮೇಲೆ ಹೋಯಿತು, ನನ್ನದು ಎಲ್ಲರಿಗಿಂತ ಮುಂಚೆ. ಅವರು ಆ ಕೈಗಳನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತರು, ಆಮೇಲೆ ಕೆಳಗಿಳಿದು ಒಬ್ಬರೇ ಕೂತು ಬೀನ್ಸ್ ಹೆಚ್ಚಿದರು.

ಅವರು ಕೆಟ್ಟವರೆಂದು ಬರೆದು ಕೈ ತೊಳೆದುಕೊಂಡರೆ ನನಗೆ ಸುಲಭ. ಆದರೆ ಒಬ್ಬನಿಗೆ ಕಾಮಾಲೆಯಾದಾಗ ಹದಿನೆಂಟು ದಿನ ಅವನ ಪಕ್ಕ ಕೂತು ಗಂಜಿ ಕುಡಿಸಿದವರೂ ಅವರೇ. ಮದ್ರಾಸಿನಲ್ಲಿ ನೀರಿಗೆ ಹಾಹಾಕಾರವಾದ ವರ್ಷ ಆ ವಯಸ್ಸಿನಲ್ಲಿ ಲಾರಿಯ ಹಿಂದೆ ಕೊಡ ಹಿಡಿದು ಓಡಿದರು. ಹೋಟೆಲಿನಿಂದ ತಮಗೆಂದು ಒಂದು ಚಮಚವನ್ನೂ ಒಯ್ದವರಲ್ಲ.

ಎಂಬತ್ತೈದರಲ್ಲೋ ಎಂಬತ್ತಾರರಲ್ಲೋ ಧನಿಗಳ ಮಗ ಬಂದ. ಧನಿಗಳು ತೀರಿಕೊಂಡಿದ್ದರು. ಕಟ್ಟಡ ಮಾರುತ್ತೇನೆ, ತಿಂಗಳೊಳಗೆ ಬಿಡಿ ಎಂದ. ಅಣ್ಣನಿಗೆ ಆಗ ಮೊಣಕಾಲು ಹೋಗಿತ್ತು, ಮಾತಾಡಿದರೆ ದಮ್ಮು. ಅವರು ನಮ್ಮ ಕಡೆ ತಿರುಗಿದರು. “ಮಾತಾಡಿ ಅಲ್ವಾ ಯಾರಾದರೂ. ಆಗುದಿಲ್ಲ ಅಂತ ಹೇಳಿ.” ಇಪ್ಪತ್ತು ಗಂಡಸರು ಗೋಡೆಗೆ ಒರಗಿ ನಿಂತಿದ್ದೆವು. ನಾನು ಅವನಿಗೆ ಕಾಫಿ ತಂದು ಕೊಟ್ಟೆ. ಧನಿಗಳ ಮಗ ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದ. ತಿಂಗಳಿಗೆ ಮುಂಚೆಯೇ ನಾವು ಚಾಪೆ ಸುತ್ತಿದೆವು.

ಹೋಟೆಲು ಬಿಟ್ಟು ಕೆಲವು ವರ್ಷವಾದ ಮೇಲೆ ಅವರನ್ನು ಕೊನೆಯ ಸಲ ನೋಡಿದ್ದು ಪೋರೂರಿನ ಆಸ್ಪತ್ರೆಯಲ್ಲಿ. ಅಲ್ಲಿಗೆ ಮದುವೆ ಮಾಡಿಕೊಟ್ಟ ಮಗಳ ಮನೆಯಲ್ಲಿದ್ದರು, ಉಸಿರಾಟ ಕೆಟ್ಟು ಸೇರಿಸಿದ್ದರು. ಸುದ್ದಿ ತಿಳಿದು ಬಸ್ಸು ಹಿಡಿದು ಹೋದೆ. ಮಂಚದ ಮೇಲೆ ಆ ಅಗಲ ಹೆಗಲಿನ ಎಲುಬು ಮಾತ್ರ ಉಳಿದಿತ್ತು. “ವಾಂಗ ಮಾಮಾ” ಎಂದು ಮಗಳು ತಮಿಳಿನಲ್ಲಿ ಕರೆದು ಕೂರಿಸಿ, ಔಷಧಿ ತರ್ತೇನೆಂದು ಹೊರಗೆ ಹೋದಳು. ನಾನು ಚಮಚದಲ್ಲಿ ಅವರ ಬಾಯಿಗೆ ನೀರು ಬಿಟ್ಟೆ. ನಾಲ್ಕು ಚಮಚ ಕುಡಿದು ಸಾಕೆಂದು ಕಣ್ಣಲ್ಲೇ ಹೇಳಿದರು. ಆಮೇಲೆ ಕೇಳಿದರು:

“ವಾಸು ಎಲ್ಲಿದ್ದಾನೆ?”

“ಊರಲ್ಲೇ ಇದ್ದಾನಂತೆ.”

“ಅವನನ್ನು ಹೊರಗೆ ಹಾಕಿದ್ದು ತಪ್ಪಲ್ವಾ?”

“ಇಲ್ಲ ಅಣ್ಣ. ಆಗಿನ ಕಾಲ ಹಾಗಿತ್ತು.”

ಅವರು ನನ್ನನ್ನೇ ನೋಡಿದರು. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಿದ್ದರು. “ನನಗೆ ಏಳಲಿಕ್ಕೆ ಆಗುದಿಲ್ಲ. ನಿನ್ನ ಕೆಲಸ ತೆಗಿಲಿಕ್ಕೆ ಆಗುದಿಲ್ಲ. ಈ ಚಮಚ ಹಿಡಿಲಿಕ್ಕೆ ಆಗುದಿಲ್ಲ. ಇಷ್ಟು ವರ್ಷದಲ್ಲಿ ಒಬ್ಬನೂ ನನಗೆ ಹೇಳ್ಲಿಲ್ಲ ಮಾರಾಯ. ಈಗ ಆದರೂ ಒಂದು ಸಲ ಹೇಳು. ಅದು ತಪ್ಪು, ನೀನು ಮಾಡಿದ್ದು ತಪ್ಪು ಅಂತ ಹೇಳು.”

ಅವರ ಕೈ ಹೊದಿಕೆಯಿಂದ ಹೊರಗೆ ಬಂದು ನನ್ನ ಅಂಗಿಯ ಗುಂಡಿಯ ಕಡೆ ಚಾಚಿತು, ಅರ್ಧಕ್ಕೇ ಸೋತು ಮಂಚದ ಮೇಲೆ ಬಿತ್ತು. ನಾನು ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿಕೊಂಡಿದ್ದೆ.

“ಹಾಗೆಲ್ಲ ಏನಿಲ್ಲ ಅಣ್ಣ” ಎಂದೆ. “ನೀವು ಮಾಡಿದ್ದು ಸರಿಯೇ.”

ಅವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಅಳತೊಡಗಿದರು.